ಸೊನ್ನದ ಮಕ್ಕಳ ಇಂಗ್ಲಿಷ್ ಸೊನ್ನೆಯಿಂದ ಶುರುವಾಗುವುದಿಲ್ಲ

ಕಲಬುರಗಿ: ಮಳೆಗಾಲ ಬಂತೆಂದರೆ ರಾಜ್ಯದ ಓದುಗರ ಕಣ್ಣಿಗೆ ಸೊನ್ನ ಎಂಬ ಊರಿನ ಹೆಸರು ಬೀಳುತ್ತದೆ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಭೀಮಾ ನದಿಗೆ ನೀರು ಬಿಟ್ಟಾಗ, ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನ ಗೇಟುಗಳನ್ನು ತೆರೆದಾಗ, ಇಷ್ಟು ಕ್ಯೂಸೆಕ್ ನೀರು ಹೊರಹೋಗುತ್ತಿದೆ, ನದಿ ದಂಡೆಯ ಜನರು ಎಚ್ಚರದಿಂದಿರಬೇಕು ಎಂದು ನಾಲ್ಕು ಸಾಲಿನ ಸುದ್ದಿ ಬರುತ್ತದೆ. 2020ರ ಅಕ್ಟೋಬರ್ ತಿಂಗಳ ಪ್ರವಾಹದ ದಿನಗಳಲ್ಲಂತೂ ಈ ಹೆಸರು ಮತ್ತೆ ಮತ್ತೆ ಕೇಳಿಬಂತು. ನೆರೆ ಇಳಿದ ಮೇಲೆ ಊರೂ ಸುದ್ದಿಯಿಂದ ಇಳಿದುಹೋಗುತ್ತದೆ.

ಆ ನಾಲ್ಕು ಸಾಲುಗಳನ್ನು ಬೇರೊಂದು ದೃಷ್ಟಿಯಿಂದ ಓದಿ ನೋಡಿ. ಬ್ಯಾರೇಜು, ಗೇಟು, ಕ್ಯೂಸೆಕ್: ಮೂರೂ ಇಂಗ್ಲಿಷ್ ಪದಗಳೇ. ನದಿ ದಂಡೆಯ ಹೊಲಕ್ಕೆ ಅಪ್ಪನೊಂದಿಗೆ ಹೋಗುವ ಮಗುವಿನ ಬಾಯಲ್ಲಿ ಮೋಟರು, ಪಂಪು, ಪೈಪು, ವಾಲ್ವು, ಸ್ಟಾರ್ಟರು, ಫ್ಯೂಸು, ವೈರು, ಟ್ರ್ಯಾಕ್ಟರು, ಟ್ರಾಲಿ, ಲೋಡು, ರೇಟು, ಬ್ಯಾಂಕು, ಲೋನು ಎಂಬ ಪದಗಳು ದಿನನಿತ್ಯ ಓಡಾಡುತ್ತವೆ. ಮನೆಗೆ ಬಂದರೆ ಚಾರ್ಜರು, ರೀಚಾರ್ಜು, ಗ್ಯಾಸು, ಸಿಲಿಂಡರು. ಬಸ್ಸು ಹತ್ತಿದರೆ ಟಿಕೆಟು, ಸೀಟು, ಡ್ರೈವರು, ಕಂಡಕ್ಟರು, ಸ್ಟಾಪು. ಲೆಕ್ಕ ಹಾಕಲು ಕುಳಿತರೆ ನೂರು ಪದಗಳು ಸುಲಭವಾಗಿ ಸಿಗುತ್ತವೆ. ಅದೇ ಮಗು ಶಾಲೆಯಲ್ಲಿ ಇಂಗ್ಲಿಷ್ ಪುಸ್ತಕ ತೆರೆದ ಕೂಡಲೇ ‘ಇದಕ್ಕೆ ಇಂಗ್ಲಿಷ್ ಬರುವುದಿಲ್ಲ’ ಎಂಬ ಹಣೆಪಟ್ಟಿಗೆ ಗುರಿಯಾಗುತ್ತದೆ. ಸೊನ್ನದ ಮಗುವಿನ ಇಂಗ್ಲಿಷನ್ನು ಸೊನ್ನೆಯಿಂದ ಆರಂಭಿಸುವುದೇ ಮೊದಲ ತಪ್ಪು ಎಂದು ಹೇಳಬೇಕಾಗಿದೆ.

ಸೊನ್ನ ಎಂಬ ಹೆಸರಿನ ಊರು ನೆರೆಯ ಜೇವರ್ಗಿ ತಾಲ್ಲೂಕಿನಲ್ಲೂ ಇದೆ. ಇಲ್ಲಿ ಹೇಳುವ ಮಾತು ಎರಡೂ ಸೊನ್ನಗಳಿಗೆ, ಆಳಂದ ತಾಲ್ಲೂಕಿನ ಗಡಿ ಹಳ್ಳಿಗಳಿಗೆ, ಅಷ್ಟೇ ಏಕೆ, ತರಗತಿಯ ಹೊರಗೆ ಯಾರೂ ಇಂಗ್ಲಿಷ್‌ನಲ್ಲಿ ಮಾತನಾಡದ ರಾಜ್ಯದ ಯಾವುದೇ ಊರಿಗೂ ಅನ್ವಯಿಸುತ್ತದೆ.

ಮಾಧ್ಯಮ ಬೇರೆ, ಭಾಷೆ ಬೇರೆ

ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಆರಂಭವಾದದ್ದು 2007-08ರಲ್ಲಿ. ಅದಕ್ಕೆ ಮುನ್ನ ಐದನೇ ತರಗತಿಯಲ್ಲಿ ಎಬಿಸಿಡಿ ಶುರುವಾಗುತ್ತಿತ್ತು. ಮಾಧ್ಯಮದ ಜಗಳ ಇದಕ್ಕಿಂತ ಹಳೆಯದು. 1994ರ ಭಾಷಾ ನೀತಿಯ ಆದೇಶ, ಅದರ ವಿರುದ್ಧದ ವ್ಯಾಜ್ಯ, 2008ರಲ್ಲಿ ಹೈಕೋರ್ಟ್ ತೀರ್ಪು, ಕೊನೆಗೆ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಬಲವಂತವಾಗಿ ಹೇರುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀಡಿದ ತೀರ್ಪು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ತೆರೆದವು. 2024-25ರ ಬಜೆಟ್‌ನಲ್ಲಿ ಎರಡು ಸಾವಿರ ಪ್ರಾಥಮಿಕ ಶಾಲೆಗಳನ್ನು ಕನ್ನಡ ಮತ್ತು ಇಂಗ್ಲಿಷ್ ದ್ವಿಭಾಷಾ ಮಾಧ್ಯಮ ಶಾಲೆಗಳನ್ನಾಗಿ ಮಾಡುವ ಘೋಷಣೆ ಬಂತು.

ಈ ಗದ್ದಲದಲ್ಲಿ ಒಂದು ಸರಳ ಸಂಗತಿ ಮರೆಯಾಗಿದೆ. ಗಣಿತ, ವಿಜ್ಞಾನವನ್ನು ಇಂಗ್ಲಿಷ್‌ನಲ್ಲಿ ಕಲಿಸುವುದು ಒಂದು ಕೆಲಸ. ಇಂಗ್ಲಿಷನ್ನೇ ಕಲಿಸುವುದು ಇನ್ನೊಂದು. ಮೊದಲನೆಯದಾದರೆ ಎರಡನೆಯದು ತಾನಾಗಿಯೇ ಆಗುತ್ತದೆಂದು ನಂಬಿದ ಪಾಲಕರು ಹಳ್ಳಿಯಿಂದ ಮಕ್ಕಳನ್ನು ಪಟ್ಟಣದ ಶಾಲೆಯ ವ್ಯಾನು ಹತ್ತಿಸುತ್ತಾರೆ. ಶಿಕ್ಷಕರಿಗೇ ಇಂಗ್ಲಿಷ್ ಸಲೀಸಾಗಿಲ್ಲದ ಕಡೆ ಮಾಧ್ಯಮವನ್ನು ಬದಲಿಸಿದರೆ ಮಗುವಿಗೆ ವಿಜ್ಞಾನವೂ ದಕ್ಕುವುದಿಲ್ಲ, ಇಂಗ್ಲಿಷೂ ದಕ್ಕುವುದಿಲ್ಲ.

ಅಂಕಿಗಳು ಸಮಾಧಾನ ಕೊಡುವಂಥವಲ್ಲ. ಗ್ರಾಮೀಣ ಭಾರತದ ಮಕ್ಕಳ ಓದಿನ ಮಟ್ಟವನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ 2022ರಲ್ಲಿ ದೇಶದ ಐದನೇ ತರಗತಿಯ ಮಕ್ಕಳಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ 24.5 ಮಾತ್ರ. ಆರು ವರ್ಷಗಳ ಹಿಂದೆ, 2016ರಲ್ಲಿ, ಆ ಪ್ರಮಾಣ ಶೇ 24.7 ಇತ್ತು. ಕಲಬುರಗಿಯ ವಿಷಯಕ್ಕೆ ಬಂದರೆ, 2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ಜಿಲ್ಲೆಯ ಫಲಿತಾಂಶ ಶೇ 42.43, ರಾಜ್ಯದಲ್ಲೇ ಕೊನೆಯ ಸ್ಥಾನ. ಮೊದಲ ಸ್ಥಾನದ ದಕ್ಷಿಣ ಕನ್ನಡದ್ದು ಶೇ 91.12. ಈ ಸೋಲಿಗೆಲ್ಲ ಇಂಗ್ಲಿಷ್ ಕಾರಣವೆಂದು ಹೇಳಿದರೆ ಅನ್ಯಾಯವಾದೀತು. ಆದರೆ ಕನ್ನಡ ಮಾಧ್ಯಮದ ಮಗುವಿಗೆ ದ್ವಿತೀಯ ಭಾಷೆಯಾಗಿರುವ ಇಂಗ್ಲಿಷ್ ನೂರು ಅಂಕಗಳ ಪತ್ರಿಕೆ. ಹತ್ತು ವರ್ಷ ಓದಿದ ಮೇಲೂ ಅದು ಅನೇಕ ಹಳ್ಳಿ ಮಕ್ಕಳಿಗೆ ಗುಡ್ಡವಾಗಿಯೇ ಉಳಿದಿದೆ ಎಂಬುದು ಸುಳ್ಳಲ್ಲ.

ಈ ಭಾಗಕ್ಕೆ ಭಾಷೆಯ ಪೆಟ್ಟು ಹೊಸದೂ ಅಲ್ಲ. ನಿಜಾಮರ ಆಳ್ವಿಕೆಯಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ಹಿರಿಯರು ಕಲಬುರಗಿಯ ಮನೆಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಇದ್ದರು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೇ ಉರ್ದುವಿನಲ್ಲಿತ್ತು. ಕನ್ನಡ ಶಾಲೆ ಬೇಕೆಂದು ಹೋರಾಡಿದ ನೆಲ ಇದು. ಇಂಗ್ಲಿಷ್ ಕಲಿಯಬೇಕಾದರೆ ಕನ್ನಡ ಬಿಡಬೇಕೆಂಬ ಮಾತು ಇಲ್ಲಿ ವಿಶೇಷವಾಗಿ ನೋಯಿಸುತ್ತದೆ. ಹಾಗೆ ಬಿಡಬೇಕಾಗಿಯೂ ಇಲ್ಲ. ಕನ್ನಡಕ್ಕೆ ಶಾಲೆಯಲ್ಲಿ ಪ್ರಥಮ ಸ್ಥಾನ ಕೊಡಿಸಿದ ವರದಿಯ ವಿ.ಕೃ. ಗೋಕಾಕರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು ಎಂಬುದನ್ನು ಎರಡೂ ಕಡೆಯ ವಾದಿಗಳು ಮರೆಯುತ್ತಾರೆ.

ಮೊಟ್ಟೆಯೋ, ಬಾಳೆಹಣ್ಣೋ?

ಹಾಗಾದರೆ ತರಗತಿಯಲ್ಲಿ ಏನು ಮಾಡಬಹುದು?

ಈ ವರದಿಗಾರ ಐದನೇ ತರಗತಿಯಲ್ಲಿ ಇಂಗ್ಲಿಷ್ ಕಲಿತ ರೀತಿ ಹೀಗಿತ್ತು. ‘ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದರೆ ಬೆಕ್ಕು’ ಎಂದು ಇಡೀ ತರಗತಿ ರಾಗವಾಗಿ ಕೂಗಬೇಕು. ಒಂದು ವರ್ಷ ಕೂಗಿದ ಮೇಲೂ ಯಾರೂ ಯಾರಿಗೂ ಇಂಗ್ಲಿಷ್‌ನಲ್ಲಿ ಒಂದು ಮಾತನ್ನೂ ಹೇಳಿರಲಿಲ್ಲ. ಕೈಬರಹ ಮಾತ್ರ ದುಂಡಗಾಗಿತ್ತು. ಮಗು ಮಾತೃಭಾಷೆಯನ್ನು ಕಲಿಯುವುದು ಇದಕ್ಕೆ ತದ್ವಿರುದ್ಧವಾಗಿ. ತಿಂಗಳುಗಟ್ಟಲೆ ಕೇಳುತ್ತದೆ, ಆಮೇಲೆ ಮಾತನಾಡುತ್ತದೆ, ಅಕ್ಷರ ಬರುವುದು ಎಷ್ಟೋ ವರ್ಷಗಳ ನಂತರ. ಎರಡನೇ ಭಾಷೆಗೂ ಕೇಳುವಿಕೆಯೇ ಅಡಿಪಾಯ. ತೊಂದರೆ ಏನೆಂದರೆ ಸೊನ್ನದಂಥ ಊರಿನಲ್ಲಿ ಮಗುವಿನ ಕಿವಿಗೆ ಇಂಗ್ಲಿಷ್ ವಾಕ್ಯ ಬೀಳುವ ಜಾಗ ಆ ನಲವತ್ತು ನಿಮಿಷದ ತರಗತಿಯೊಂದೇ. ಅದರಲ್ಲಿ ಮೂವತ್ತು ನಿಮಿಷ ಬೋರ್ಡಿನಿಂದ ನಕಲು ಮಾಡುವುದರಲ್ಲಿ ಕಳೆದರೆ ಉಳಿಯುವುದೇನು?

ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಆಷರ್ 1960ರ ದಶಕದಲ್ಲಿ ರೂಪಿಸಿದ ವಿಧಾನವೊಂದು ಇಲ್ಲಿ ನೆರವಿಗೆ ಬರುತ್ತದೆ. ಶಿಕ್ಷಕರು ಅಪ್ಪಣೆ ಕೊಡುತ್ತಾರೆ, ಮಕ್ಕಳು ಮಾಡಿ ತೋರಿಸುತ್ತಾರೆ. ‘ಸ್ಟ್ಯಾಂಡ್ ಅಪ್’, ‘ಟಚ್ ದ ವಾಲ್’, ‘ಓಪನ್ ದ ವಿಂಡೋ’, ‘ಗಿವ್ ದ ಚಾಕ್ ಟು ಯುವರ್ ಫ್ರೆಂಡ್’. ಮಗು ಬಾಯಿ ಬಿಡಬೇಕಾಗಿಲ್ಲ, ಮೈಯಲ್ಲೇ ಉತ್ತರ. ಮೊದಲ ದಿನಗಳಲ್ಲಿ ಶಿಕ್ಷಕರೇ ಜೊತೆಗೆ ಮಾಡಬೇಕು. ಆಮೇಲೆ ಅಪ್ಪಣೆ ಮಾತ್ರ. ಇನ್ನೂ ಕೆಲವು ದಿನಗಳ ನಂತರ ಮಕ್ಕಳಲ್ಲಿ ಒಬ್ಬರು ಅಪ್ಪಣೆ ಕೊಡುವ ಸ್ಥಾನಕ್ಕೆ ಬರುತ್ತಾರೆ. ಅಕ್ಕೋರಿಗೇ ‘ಸಿಟ್ ಡೌನ್’ ಎನ್ನುವ ಅವಕಾಶ ಸಿಕ್ಕರೆ ತರಗತಿಯಲ್ಲಿ ಹಿಂಜರಿಯುವವರೇ ಇರುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು. ಖರ್ಚು ಏನೂ ಇಲ್ಲ.

ಇದಕ್ಕಿಂತ ಉತ್ತಮವಾದ ತರಗತಿ ಊಟದ ಸಾಲಿನಲ್ಲಿದೆ. ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಮೊದಲು ಆರಂಭವಾದದ್ದೇ ಈ ಈಶಾನ್ಯ ಜಿಲ್ಲೆಗಳಲ್ಲಿ. ಬಿಸಿಯೂಟದ ಜೊತೆಗೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವುದು 2021ರ ಡಿಸೆಂಬರ್‌ನಲ್ಲಿ ಶುರುವಾದದ್ದೂ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ. ಅಂದರೆ ಪ್ರತಿ ಮಗುವಿಗೂ ಒಂದು ನಿಜವಾದ ಆಯ್ಕೆ ಇದೆ. ‘ಎಗ್ ಆರ್ ಬನಾನಾ?’ ಎಂದು ಕೇಳಿ. ಮೊದಲ ವಾರ ‘ಎಗ್’ ಎಂದಷ್ಟೇ ಉತ್ತರ ಬರಲಿ. ಮುಂದಿನ ವಾರ ‘ಎಗ್, ಪ್ಲೀಸ್’. ತಿಂಗಳು ಕಳೆಯುವಷ್ಟರಲ್ಲಿ ‘ಐ ವಾಂಟ್ ಎ ಬನಾನಾ’. ಆಮೇಲೆ ‘ಹೌ ಮೆನಿ ಚಿಲ್ಡ್ರನ್ ವಾಂಟ್ ಎಗ್ಸ್?’ ಎಂದು ಒಬ್ಬ ಹುಡುಗಿ ಎಣಿಸಿ ಅಡುಗೆಯವರಿಗೆ ಚೀಟಿ ಬರೆಯಲಿ.

ಪಠ್ಯಪುಸ್ತಕದ ‘ವಾಟ್ ಈಸ್ ದಿಸ್? ದಿಸ್ ಈಸ್ ಎ ಪೆನ್’ ಎಂಬ ಸಂಭಾಷಣೆಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಬೇಕು. ಪೆನ್ನು ಎಂದು ಇಬ್ಬರಿಗೂ ಗೊತ್ತಿರುವಾಗ ಕೇಳುವುದು ನಾಟಕ. ಯಾರಿಗೆ ಮೊಟ್ಟೆ ಬೇಕು ಎಂಬುದು ಕೇಳಿದವರಿಗೆ ಗೊತ್ತಿಲ್ಲ. ಉತ್ತರ ತಪ್ಪಾದರೆ ತಟ್ಟೆಗೆ ಬೇರೆಯದೇ ಬೀಳುತ್ತದೆ. ಭಾಷೆ ಅಂಟುವುದು ಇಂಥ ಕಡೆ.

ಅಕ್ಷರ ಕಲಿಸುವ ಬಗೆಯಲ್ಲೂ ಒಂದು ಬದಲಾವಣೆ ಬೇಕು. ಕನ್ನಡದಲ್ಲಿ ‘ಕ’ ಎಂಬ ಅಕ್ಷರದ ಹೆಸರೂ ಕ, ಉಚ್ಚಾರವೂ ಕ. ಈ ನ್ಯಾಯವನ್ನು ನಂಬಿದ ಮಗು ‘ಸಿ ಎ ಟಿ’ ಕೂಡಿಸಿದರೆ ‘ಸಿಯೇಟಿ’ ಎಂದೇ ಓದಬೇಕು; ಅದರ ತರ್ಕದಲ್ಲಿ ತಪ್ಪಿಲ್ಲ. ಇಂಗ್ಲಿಷ್‌ನಲ್ಲಿ ಅಕ್ಷರ 26, ಧ್ವನಿ ಸುಮಾರು 44. ಆದ್ದರಿಂದ ಅಕ್ಷರದ ಹೆಸರಿಗಿಂತ ಮೊದಲು ಅದರ ಧ್ವನಿಯನ್ನು ಕಲಿಸುವುದು ಒಳ್ಳೆಯದು. ಎಸ್, ಎ, ಟಿ, ಪಿ, ಐ, ಎನ್ ಎಂಬ ಆರೇ ಅಕ್ಷರಗಳ ಧ್ವನಿ ಕಲಿತರೆ ಪಿನ್, ಟಿನ್, ಟ್ಯಾಪ್, ಪ್ಯಾನ್, ಸಿಟ್, ಟಿಪ್ ಎಂದು ಮಗು ತಾನೇ ಕೂಡಿಸಿ ಓದುತ್ತದೆ. ಇವುಗಳಲ್ಲಿ ಮೊದಲ ಮೂರು ಮನೆಯಲ್ಲಿ ಬಳಸುವ ಪದಗಳೇ. ಝಡ್‌ವರೆಗೆ ಬರೆದು ಮುಗಿಯುವ ತನಕ ಪದ ಓದಲು ಕಾಯಬೇಕಾಗಿಲ್ಲ.

ಮನೆಮಾತಿನ ಲೆಕ್ಕ

ಕಲಬುರಗಿ ಸೀಮೆಯ ಕನ್ನಡವನ್ನು ‘ಅಶುದ್ಧ’ ಎಂದು ತಿದ್ದುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಇಂಗ್ಲಿಷ್ ಕಲಿಕೆಯ ವಿಷಯದಲ್ಲಿ ಈ ಮಾತೇ ಆಸ್ತಿ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬಹುದು.

ಧ್ವನಿಯಿಂದ ಆರಂಭಿಸೋಣ. ಇಂಗ್ಲಿಷ್‌ನ ಫ಼ ಮತ್ತು ಜ಼ ಧ್ವನಿಗಳು ಮೂಲ ಕನ್ನಡದಲ್ಲಿಲ್ಲ. ಆದರೆ ಶತಮಾನಗಳಿಂದ ಉರ್ದು, ದಖನಿಯ ಒಡನಾಟದಲ್ಲಿರುವ ಈ ಭಾಗದಲ್ಲಿ ‘ಸಾಫ಼್’, ‘ಜ಼ರಾ’, ‘ಬಾಜ಼ಾರ’ ಎನ್ನುವ ನಾಲಿಗೆಗಳು ಬಹಳ. ಅಂಥ ಮಗುವಿಗೆ ‘ಫ್ಯಾನ್’, ‘ಝೂ’ ಹೊಸ ಕಸರತ್ತಲ್ಲ; ಪಕ್ಕದಲ್ಲಿ ಕುಳಿತ ಗೆಳೆಯನಿಗೆ ಅದೇ ಹೇಳಿಕೊಡಬಹುದು. ಇನ್ನೊಂದು ಕಡೆ ಕಷ್ಟವೂ ಇದೆ. ‘ಇಸ್ಕೂಲು’, ‘ಇಸ್ಟೇಷನ್ನು’ ಎಂದು ಪದದ ಮುಂದೆ ಸ್ವರ ಸೇರುವುದು, ‘ಬುಕ್ಕು’, ‘ಬಸ್ಸು’ ಎಂದು ಕೊನೆಗೆ ಉಕಾರ ಬರುವುದು. ಎರಡನ್ನೂ ನಗೆಯಾಡದೆ, ಹಾವಿನಂತೆ ‘ಸ್ಸ್ಸ್’ ಎಂದು ಎಳೆದು ‘ಕೂಲ್’ ಸೇರಿಸುವ ಆಟದಲ್ಲಿ ಸರಿಪಡಿಸಬಹುದು. ಲಂಡನ್ನಿನವರ ಹಾಗೆ ನುಡಿಯಬೇಕೆಂಬ ಹಟ ಬೇಕಿಲ್ಲ. ಎದುರಿನವರಿಗೆ ಅರ್ಥವಾದರೆ ಸಾಕು.

ಎರವಲು ಪದಗಳಲ್ಲಿ ಒಂದು ಎಚ್ಚರಿಕೆ ಅಗತ್ಯ. ಊರಿನ ‘ಹೋಟೆಲು’ ಚಹಾ, ಉಪ್ಪಿಟ್ಟಿನ ಜಾಗ. ಇಂಗ್ಲಿಷ್‌ನ ಹೋಟೆಲ್ ಮುಖ್ಯವಾಗಿ ತಂಗುವ ಜಾಗ. ನಮ್ಮ ‘ಕರೆಂಟು’ ವಿದ್ಯುತ್ತಿಗೆ ಮಾತ್ರ. ಅಲ್ಲಿ ನದಿಯ ಸೆಳೆತಕ್ಕೂ ಅದೇ ಪದ. ಭೀಮೆಯ ದಂಡೆಯಲ್ಲಿ ಈ ಎರಡನೇ ಅರ್ಥವನ್ನು ವಿವರಿಸಲು ಚಿತ್ರ ಬೇಕಾಗುವುದಿಲ್ಲ. ಮಕ್ಕಳೇ ಊರು ಸುತ್ತಿ ಇಂಥ ಪದಗಳನ್ನು ಪಟ್ಟಿ ಮಾಡಿ, ಅಂಗಡಿಯ ಬೋರ್ಡು, ಗೊಬ್ಬರದ ಚೀಲ, ಔಷಧದ ಡಬ್ಬಿಗಳಿಂದ ಕಾಗುಣಿತ ತಂದು ಗೋಡೆಗೆ ಅಂಟಿಸಲಿ. ಗೊಬ್ಬರದ ಚೀಲದಷ್ಟು ದೊಡ್ಡ ಅಕ್ಷರಗಳ ಇಂಗ್ಲಿಷ್ ವಾಚನ ಸಾಮಗ್ರಿ ಊರಿನಲ್ಲಿ ಬೇರೆಲ್ಲಿದೆ?

ಇನ್ನು ವ್ಯಾಕರಣ. ‘ಪ್ರೆಸೆಂಟ್ ಕಂಟಿನ್ಯುಯಸ್’ ಎಂಬ ಹೆಸರು ಕೇಳಿದರೇ ಮಕ್ಕಳು ಬೆದರುತ್ತಾರೆ. ಆದರೆ ಈ ಸೀಮೆಯ ಮಗು ‘ಬರ್ತಾನ’ ಎನ್ನುವುದಕ್ಕೂ ‘ಬರ್ಲಾಕತ್ತಾನ’ ಎನ್ನುವುದಕ್ಕೂ ಇರುವ ಭೇದವನ್ನು ಎಂದೂ ತಪ್ಪುವುದಿಲ್ಲ. ಮೊದಲನೆಯದು ‘ಹಿ ಕಮ್ಸ್’, ಎರಡನೆಯದು ‘ಹಿ ಈಸ್ ಕಮಿಂಗ್’. ಗ್ರಾಂಥಿಕ ಕನ್ನಡದ ವಿವರಣೆಗಿಂತ ಈ ಎರಡು ಪದಗಳನ್ನು ಬೋರ್ಡಿನ ಮೇಲೆ ಬರೆದರೆ ಅರ್ಧ ಪಾಠ ಮುಗಿಯಿತು.

ಮಕ್ಕಳ ತಪ್ಪುಗಳ ಮೂಲವೂ ಮನೆಮಾತಿನಲ್ಲೇ ಸಿಗುತ್ತದೆ. ಕನ್ನಡದ ಕ್ರಿಯಾಪದ ಕರ್ತೃವನ್ನು ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ‘ಹೋದೆ’ ಎಂದರೆ ಹೋದವನು ನಾನೇ. ಅದಕ್ಕೇ ಮಗು ‘ವೆಂಟ್ ಟು ಬಜಾರ್’ ಎಂದು ‘ಐ’ ಬಿಟ್ಟು ಬರೆಯುತ್ತದೆ. ನಮ್ಮಲ್ಲಿ ‘ಮೇಜಿನ ಮೇಲೆ’ ಎಂದು ಹಿಂದೆ ಬರುವುದು ಅಲ್ಲಿ ‘ಆನ್ ದ ಟೇಬಲ್’ ಎಂದು ಮುಂದೆ ಬರುತ್ತದೆ. ‘ನನಗೆ ಜ್ವರ ಬಂದದ’ ಎನ್ನುವಾಗ ಜ್ವರ ಬಂದದ್ದು, ನಾನು ಬರಿಯ ವಿಳಾಸ. ಇಂಗ್ಲಿಷ್‌ನಲ್ಲಿ ‘ಐ ಹ್ಯಾವ್ ಎ ಫೀವರ್’ ಎಂದು ಜ್ವರದ ಯಜಮಾನ ನಾನೇ ಆಗುತ್ತೇನೆ. ಕನ್ನಡದ ಕರ್ತೃ-ಕರ್ಮ-ಕ್ರಿಯೆ ಅಲ್ಲಿ ಕರ್ತೃ-ಕ್ರಿಯೆ-ಕರ್ಮ. ಐದು ಮಕ್ಕಳ ಕೈಯಲ್ಲಿ ಒಂದೊಂದು ಪದದ ಚೀಟಿ ಕೊಟ್ಟು ಸಾಲಾಗಿ ನಿಲ್ಲಿಸಿ. ‘ಕನ್ನಡ’ ಎಂದರೆ ಒಂದು ಕ್ರಮ, ‘ಇಂಗ್ಲಿಷ್’ ಎಂದರೆ ಜಾಗ ಬದಲಿಸಿದ ಇನ್ನೊಂದು ಕ್ರಮ. ತಪ್ಪನ್ನು ಕೆಂಪು ಮಸಿಯಿಂದ ಹೊಡೆದು ಹಾಕುವ ಬದಲು ‘ಇದು ಕನ್ನಡದ ಸಾಲು, ಇಂಗ್ಲಿಷ್‌ಗೆ ತಿರುಗಿಸು’ ಎಂದರೆ ಮಗುವಿಗೆ ಅವಮಾನವಾಗುವುದಿಲ್ಲ.

ಒಂದು ಸಣ್ಣ ಮಾತು: ದೊಡ್ಡವರಿಗೆ ‘ನೀವು’, ‘ರೀ’ ಎಂದು ರೂಢಿಯಾದ ಮಗು ಶಿಕ್ಷಕರನ್ನು ‘ಯೂ’ ಎನ್ನಲು ತಡವರಿಸುತ್ತದೆ. ಆ ಭಾಷೆಯಲ್ಲಿ ಎಲ್ಲರಿಗೂ ಒಂದೇ ಪದ, ಮರ್ಯಾದೆಯನ್ನು ‘ಪ್ಲೀಸ್’, ‘ಸರ್’, ‘ಮೇಡಂ’ ಕಾಯುತ್ತವೆ ಎಂದು ಮೊದಲೇ ಹೇಳಿಬಿಡುವುದು ಕ್ಷೇಮ.

ಕನ್ನಡವೂ ಮನೆಮಾತಲ್ಲದ ಮಕ್ಕಳನ್ನು ಈ ಲೆಕ್ಕದಿಂದ ಹೊರಗಿಡುವಂತಿಲ್ಲ. ತಾಂಡಾದ ಮಗುವಿಗೆ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷ್. ಆಳಂದದ ಗಡಿಯಲ್ಲಿ ಮರಾಠಿ ಮನೆಗಳಿವೆ. ಉರ್ದು ಶಾಲೆಯ ಮಗು ಬಲದಿಂದ ಎಡಕ್ಕೆ ಬರೆದು ರೂಢಿಯಾದದ್ದು. ಇಂಗ್ಲಿಷ್‌ಗೆ ಕೈಯ ದಿಕ್ಕೇ ಬದಲಾಗಬೇಕು. ನೀರು, ಪಾನಿ, ಪಾಣಿ, ವಾಟರ್ ಎಂದು ತರಗತಿಯಲ್ಲಿರುವ ಎಲ್ಲ ಭಾಷೆಗಳ ಪದಗಳನ್ನೂ ಒಂದೇ ಸಾಲಿನಲ್ಲಿ ಬರೆಯುವ ಗೋಡೆಪಟ್ಟಿಗೆ ಒಂದು ಹಾಳೆ ಸಾಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರಗತಿಯ ಬಹುಭಾಷಿಕತೆಯನ್ನು ಸಂಪನ್ಮೂಲವೆಂದು ಕರೆದದ್ದು ಇದನ್ನೇ. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಪಾಲಕರೊಂದಿಗೆ ಗುಳೆ ಹೋಗಿ ತಿಂಗಳುಗಳ ನಂತರ ಮರಳುವ ಮಕ್ಕಳಿಗೆ ಹಿಂದಿನ ಪಾಠದ ಮೇಲೆ ನಿಂತ ಪಾಠ ನಿಲುಕುವುದಿಲ್ಲ. ಮೊಟ್ಟೆ-ಬಾಳೆಹಣ್ಣಿನ ಪ್ರಶ್ನೆಗೆ ಅವರು ಬಂದ ದಿನವೇ ಉತ್ತರಿಸಬಹುದು.

ಬೆಂಗಳೂರಿನ ಪ್ರಯೋಗ

ಜಗತ್ತಿನ ಇಂಗ್ಲಿಷ್ ಬೋಧನೆಯ ಪುಸ್ತಕಗಳಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರು ಇಂದಿಗೂ ಬರುತ್ತದೆ. ನಮ್ಮ ಶಿಕ್ಷಕರಲ್ಲಿ ಎಷ್ಟು ಮಂದಿ ಇದನ್ನು ಕೇಳಿದ್ದಾರೋ! 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮತ್ತು ಮದ್ರಾಸಿನ ಬ್ರಿಟಿಷ್ ಕೌನ್ಸಿಲ್ ನೆರವಿನಿಂದ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗವದು. ವ್ಯಾಕರಣದ ಪಾಠವನ್ನೇ ಕೈಬಿಟ್ಟು, ಮಕ್ಕಳಿಗೆ ಬಿಡಿಸಬೇಕಾದ ಸಮಸ್ಯೆಗಳನ್ನು ಇಂಗ್ಲಿಷ್‌ನಲ್ಲಿ ಕೊಡುವುದು ಅದರ ತಿರುಳು. ಮನಸ್ಸು ಅರ್ಥದಲ್ಲಿ ತೊಡಗಿದಾಗ ಭಾಷೆಯ ರಚನೆ ಅರಿವಿಲ್ಲದೆಯೇ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ರೈಲು ವೇಳಾಪಟ್ಟಿ, ನಕ್ಷೆ, ತರಗತಿಯ ವೇಳಾಪಟ್ಟಿಗಳೇ ಸಾಮಗ್ರಿ. ಮೊದಲು ಇಡೀ ತರಗತಿಯೊಂದಿಗೆ ಒಂದು ಸಮಸ್ಯೆ ಬಿಡಿಸುವುದು, ನಂತರ ಅಂಥದ್ದೇ ಇನ್ನೊಂದನ್ನು ಮಗು ಒಂಟಿಯಾಗಿ ಬಿಡಿಸುವುದು. 1987ರಲ್ಲಿ ಅವರು ಈ ಕುರಿತು ಬರೆದ ಪುಸ್ತಕ ಹೊರಬಂತು.

ಫಲಿತಾಂಶವನ್ನು ಹೊರಗಿನ ಪರಿಣತರು ಅಳೆದು ನೋಡಿದಾಗ, ಹಳೆಯ ಕ್ರಮದಲ್ಲಿ ಕಲಿತವರು ವ್ಯಾಕರಣ ರಚನೆಯ ಪರೀಕ್ಷೆಯಲ್ಲೂ ಪ್ರಭು ಅವರ ಕ್ರಮದಲ್ಲಿ ಕಲಿತವರು ಕಾರ್ಯಾಧಾರಿತ ಪರೀಕ್ಷೆಯಲ್ಲೂ ಮುಂದಿದ್ದರು. ಏನನ್ನು ಅಭ್ಯಾಸ ಮಾಡಿಸುತ್ತೇವೆಯೋ ಅದೇ ಬರುತ್ತದೆ ಎಂದಾಯಿತು. ವ್ಯಾಕರಣವನ್ನು ಪೂರ್ತಿ ಬಿಡಬೇಕೆಂದು ಈ ವರದಿಗಾರನಿಗೂ ಅನ್ನಿಸುವುದಿಲ್ಲ. ಆದರೆ ಈ ಪ್ರಯೋಗಕ್ಕೆ ಕಂಪ್ಯೂಟರ್ ಲ್ಯಾಬ್ ಬೇಕಿರಲಿಲ್ಲ, ಬೋರ್ಡು ಮತ್ತು ಚಾಕು ಸಾಕಾಗಿತ್ತು ಎಂಬುದು ನಮಗೆ ಮುಖ್ಯ.

ಅಫಜಲಪುರಕ್ಕೆ ಇದನ್ನು ಹೊಂದಿಸುವುದು ಸುಲಭ. ಬಸ್ ನಿಲ್ದಾಣದ ವೇಳಾಪಟ್ಟಿಯ ಫಲಕವನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಬೋರ್ಡಿಗೆ ಇಳಿಸಿ. ಅರ್ಧ ಪಟ್ಟಿ ಒಬ್ಬನ ಕೈಗೆ, ಇನ್ನರ್ಧ ಇನ್ನೊಬ್ಬನ ಕೈಗೆ. ‘ವಾಟ್ ಟೈಮ್ ಈಸ್ ದ ಬಸ್ ಟು ಕಲಬುರಗಿ?’ ಎಂದು ಕೇಳದೆ ಯಾರ ಪಟ್ಟಿಯೂ ತುಂಬುವುದಿಲ್ಲ. ದೊಡ್ಡ ಮಕ್ಕಳಿಗೆ ಭೀಮೆಯ ನಕ್ಷೆ. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರ ಹಾದು, ಸೊನ್ನಕ್ಕೆ ಬಂದು, ರಾಯಚೂರು ಜಿಲ್ಲೆಯ ಕಡ್ಲೂರಿನ ಬಳಿ ಕೃಷ್ಣೆಯನ್ನು ಸೇರುವ ನದಿ. ಉದ್ದ 861 ಕಿ.ಮೀ. ‘ವಿಚ್ ಟೌನ್ ಗೆಟ್ಸ್ ದ ವಾಟರ್ ಫಸ್ಟ್?’ ಎಂಬ ಪ್ರಶ್ನೆಗೆ ಬೆರಳಿಟ್ಟು ಉತ್ತರ ಹುಡುಕಬೇಕು. ಪ್ರೌಢಶಾಲೆಯಲ್ಲಿ ‘ಕ್ಯೂಸೆಕ್’ ಪದವನ್ನೇ ಒಡೆಯಬಹುದು: ಕ್ಯೂಬಿಕ್ ಫೀಟ್ ಪರ್ ಸೆಕೆಂಡ್. ಇಷ್ಟು ಕ್ಯೂಸೆಕ್ ನೀರು ಬಿಟ್ಟರೆ ಯಾವ ಊರಿಗೆ ಯಾವ ಸೂಚನೆ ಕೊಡಬೇಕು ಎಂದು ಮೂರು ಸಾಲಿನ ಇಂಗ್ಲಿಷ್ ಎಚ್ಚರಿಕೆ ಬರೆಯಲಿ. ನೆರೆಯನ್ನು ಕಂಡ ಮಕ್ಕಳಿಗೆ ಹೇಳಲು ವಿಷಯದ ಕೊರತೆ ಇಲ್ಲ.

ಕೈಗೆಟಕುವ ಸಾಮಗ್ರಿ

ಕೊಳ್ಳಬೇಕಾದದ್ದು ಬಹಳ ಕಡಿಮೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಠ್ಯಗಳು ಉಚಿತವಾಗಿ ಸಿಗುತ್ತವೆ. ಪುಸ್ತಕದ ಪುಟದಲ್ಲಿರುವ ಕ್ಯೂಆರ್ ಸಂಕೇತಕ್ಕೆ ಫೋನು ಹಿಡಿದರೆ 2017ರಲ್ಲಿ ಆರಂಭವಾದ ‘ದೀಕ್ಷಾ’ ವೇದಿಕೆಯ ಪಾಠ ತೆರೆದುಕೊಳ್ಳುತ್ತದೆ. ಆಡಿಯೊ ಇರುವ ಕಡೆ ಅದು ಶಿಕ್ಷಕರ ಉಚ್ಚಾರಕ್ಕೂ ಆಧಾರ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ, ಚಿತ್ರಗಳ ಸಹಿತ ಸಿಗುತ್ತದೆ. ಇಳಿಸಿಕೊಂಡು ಮುದ್ರಿಸಲು ಯಾರ ಅನುಮತಿಯೂ ಬೇಕಿಲ್ಲ. ಮೊದಲ ದಿನ ಕನ್ನಡದಲ್ಲಿ ಕಥೆ ಹೇಳಿ, ಎರಡನೇ ದಿನ ಅದೇ ಚಿತ್ರ ತೋರಿಸಿ ಇಂಗ್ಲಿಷ್‌ನಲ್ಲಿ ಓದಿದರೆ ಮಗು ಅರ್ಥ ಹುಡುಕುತ್ತ ಒದ್ದಾಡುವುದಿಲ್ಲ, ಪದದ ಕಡೆಗೆ ಕಿವಿ ಕೊಡುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಕಂಪ್ಯೂಟರ್ ಇರುವ ಕಡೆ ಶಾಲೆ ಬಿಟ್ಟ ಮೇಲೂ ಇದನ್ನೇ ಮುಂದುವರಿಸಬಹುದು. ಆಕಾಶವಾಣಿಯ ‘ಕೇಳಿ-ಕಲಿ’ ಪಾಠಗಳನ್ನು ಕೇಳಿ ಬೆಳೆದ ತಲೆಮಾರಿಗೆ ಕಿವಿಯ ಮಹತ್ವ ಗೊತ್ತು.

ಸಂತೆಯಲ್ಲಿ ಸಿಗುವ ‘ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಪುಸ್ತಕಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಪರೀಕ್ಷೆ ಸಮೀಪಿಸಿದಾಗ ಹಂಚುವ ‘ಪಾಸಿಂಗ್ ಪ್ಯಾಕೇಜ್’ ಬಗ್ಗೆ ಮಾತ್ರ ಒಂದು ಮಾತು. ಪದ್ಯದ ಸಾರಾಂಶ, ಪತ್ರದ ನಮೂನೆ, ಕನ್ನಡ ಲಿಪಿಯಲ್ಲಿ ಬರೆದುಕೊಂಡ ಉತ್ತರಗಳನ್ನು ಬಾಯಿಪಾಠ ಮಾಡಿ ಪಾಸಾಗುವಷ್ಟು ಅಂಕ ತಲುಪುವುದು ಅನೇಕ ಮಕ್ಕಳಿಗೆ ಮುಂದಿನ ಓದಿನ ಬಾಗಿಲು. ಅದನ್ನು ಹಗುರವಾಗಿ ಕಾಣುವ ಹಕ್ಕು ನಗರದಲ್ಲಿ ಕುಳಿತವರಿಗಿಲ್ಲ. ಆದರೆ ಅದು ಹತ್ತನೇ ತರಗತಿಯ ಕೊನೆಯ ತಿಂಗಳ ಉಪಾಯ. ಅದನ್ನೇ ನಾಲ್ಕನೇ ತರಗತಿಗೆ ಇಳಿಸಿದಾಗ ಕೆಡುಕು ಆರಂಭವಾಗುತ್ತದೆ. ನೂರರಲ್ಲಿ ಇಪ್ಪತ್ತು ಆಂತರಿಕ ಅಂಕಗಳು ಶಾಲೆಯ ಕೈಯಲ್ಲೇ ಇವೆ. ಅವುಗಳಲ್ಲಿ ಕೆಲವನ್ನಾದರೂ ಮಗು ನಿಜವಾಗಿ ಆಡಿದ ಮಾತಿಗೆ ಕೊಟ್ಟರೆ ಮಾತನಾಡುವುದೂ ಓದಿನ ಭಾಗವೆಂದು ತರಗತಿ ನಂಬುತ್ತದೆ.

ಉಳಿಯುವುದು ಶಿಕ್ಷಕರ ಪ್ರಶ್ನೆ. ಒಂದರಿಂದ ಐದನೇ ತರಗತಿಯವರೆಗೆ ಇಂಗ್ಲಿಷ್ ಕಲಿಸುವವರು ಬಹುತೇಕ ಕನ್ನಡ ಮಾಧ್ಯಮದಲ್ಲೇ ಓದಿ, ಎಲ್ಲ ವಿಷಯಗಳನ್ನೂ ಕಲಿಸುವವರು. ತಪ್ಪು ಮಾತನಾಡಿಬಿಟ್ಟೇವು ಎಂಬ ಅಂಜಿಕೆ ಮಕ್ಕಳಿಗಿಂತ ಅವರಿಗೇ ಹೆಚ್ಚು. ಅವರಿಗಾಗಿಯೇ 1963ರಲ್ಲಿ ಸ್ಥಾಪನೆಯಾದ ಸಂಸ್ಥೆಯೊಂದು ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿದೆ. ಪ್ರಭು ಅವರ ಪ್ರಯೋಗಕ್ಕೆ ನೆರವಾದ ಆ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶಿಕ್ಷಕರಿಗೆ ಮೂವತ್ತು ದಿನಗಳ ಸರ್ಟಿಫಿಕೇಟ್ ಕೋರ್ಸ್ ನಡೆಸುತ್ತದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂದಿದೆ. ಅಲ್ಲಿ ಇಂಗ್ಲಿಷ್ ವಿಭಾಗವೂ ಇದೆ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯ ಒಂದು ಗಂಟೆಯನ್ನು ಇಂಗ್ಲಿಷ್‌ನಲ್ಲೇ ನಡೆಸಿದರೆ ಅದಕ್ಕೆ ಸುತ್ತೋಲೆಯೂ ಬೇಕಿಲ್ಲ, ಅನುದಾನವೂ ಬೇಕಿಲ್ಲ.

ಬೆಂಗಳೂರಿನ ತರಬೇತಿಗೆ ಮಾತ್ರ ಒಂದು ಅಡ್ಡಿಯಿದೆ. ಇಬ್ಬರೇ ಶಿಕ್ಷಕರಿರುವ ಶಾಲೆಯಿಂದ ಒಬ್ಬರು ಒಂದು ತಿಂಗಳು ಹೊರಟು ನಿಂತರೆ, ಆ ತಿಂಗಳು ಮೂರು ತರಗತಿಗಳ ಮಕ್ಕಳನ್ನು ಯಾರು ನೋಡಿಕೊಳ್ಳಬೇಕು ಎಂಬ ಮುಖ್ಯ ಶಿಕ್ಷಕರ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಶಾಲೆಯಲ್ಲಿಲ್ಲ, ಇಲಾಖೆಯಲ್ಲಿದ್ದಾರೆ.